ಗಂಗವ್ವ ತಪ್ಪಾಗಿ ಕೇಳಿಸಿಕೊಂಡ ಒಂದು ಶಬ್ದ

ಮೂರು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದ ಆಗುವ ಕೆಲಸವಲ್ಲ. ನನ್ನ ಮನೆಯಾಕೆಯನ್ನು ಕೇಳಿ. ನನ್ನ ಅರಿವೆ ಅಂಗಡಿಗೆ ಬರುವ ಗಿರಾಕಿಗಳನ್ನು ಕೇಳಿ. ಪ್ರತಿ ವಾರ ಇಲ್ಲಿ ನನ್ನನ್ನು ಸಹಿಸಿಕೊಳ್ಳುವ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಅಂಥವನನ್ನು ಹೋದ ವಾರ ಮಿರಜದ ಮಿಶನ್ ದವಾಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಒಂದು ಗಾಜಿನ ಕಡ್ಡಿಯಿಂದ ಗಪ್‌ಚಿಪ್ ಕೂರಿಸಿಬಿಟ್ಟಳು.

ಕಡ್ಡಿ ಎಂದರೆ ಥರ್ಮಾಮೀಟರ್.

ನಾನು ಅಲ್ಲಿಗೆ ರೋಗಿಯಾಗಿ ಹೋದವನಲ್ಲ, ವಕೀಲನಾಗಿ ಹೋದವನು. (ಸನದು ಇಲ್ಲದ ವಕೀಲ. ನಮ್ಮ ಪೇಟೆಯಲ್ಲಿ ಅಂಥವರಿಗೇ ಕೇಸು ಹೆಚ್ಚು.) ನಾನು ಹುಡುಕಿಕೊಂಡು ಹೋದ ನರ್ಸ್ ಎದುರಿಗೇ ಬಂದಳು. ನಾನು ಟೊಪ್ಪಿಗೆ ಸರಿಮಾಡಿಕೊಂಡು, "ತಂಗೀ, ನಿನ್ನ ಜೋಡಿ ಒಂದು ಮಹತ್ವದ ಮಾತು..." ಎಂದು ಶುರು ಮಾಡಿದ್ದೇ ತಡ, "ಬಾಯಿ ತಗೀರಿ" ಅಂದಳು. ತೆಗೆದೇ ಇತ್ತಲ್ಲ! ಕಡ್ಡಿ ನಾಲಿಗೆಯ ಕೆಳಗೆ ಹೋಯಿತು.

"ತುಟಿ ಮುಚ್ಚರಿ. ಮಾತಾಡಬ್ಯಾಡ್ರಿ."

ಬೆಳಗಿನಿಂದ ಮೈ ಭಾರವಾಗಿದ್ದದ್ದು ಹೌದು. ಸಾಂಗಲಿಯಿಂದ ಬರುವಾಗ ಟಾಂಗಾದಲ್ಲಿ ಹಲ್ಲು ಕಟಕಟ ಎಂದದ್ದೂ ಹೌದು. ರಸ್ತೆಯ ತಗ್ಗಿನಿಂದ ಎಂದುಕೊಂಡು ಸಾಂಗಲಿ, ಮಿರಜ ಎರಡೂ ಸಂಸ್ಥಾನದ ಕಾರಭಾರಿಗಳನ್ನು ಮನಸ್ಸಿನಲ್ಲೇ ಬೈದಿದ್ದೆ. ಆಕೆ ಕಡ್ಡಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ನೂರಾ ಮೂರು ಐತಿ. ಇಂಥಾ ಜ್ವರದಾಗ ಬಂದೀರಿ? ಜೋಡಿ ಯಾರ ಬಂದಾರ್ರಿ?"

"ಯಾರೂ ಇಲ್ಲವಾ. ನಾ ನಿನ್ನ ನೋಡಾಕ ಅಂತ..."

"ನೋಡೀರಲ್ಲ, ಆತು. ಈಗ ಮಲಕೋರಿ ಕಾಕಾ."

ಹೀಗೆ ವಕೀಲ ಸಾಹೇಬರು ಒಂಬತ್ತನೇ ನಂಬರಿನ ಮಂಚಕ್ಕೆ ಸೇರಿದರು. ಚಳಿಜ್ವರ. ಕ್ವಿನೈನ್. ಮೂರು ದಿನ ಮುಕ್ಕಾಮು.

ಯಾರ ವಕಾಲತ್ತು ಎಂದು ಕೇಳುತ್ತೀರಿ. ಗುರಪ್ಪಣ್ಣನದು. ನನ್ನ ಅಂಗಡಿಯಿಂದ ಎರಡು ಅಂಗಡಿ ಆಚೆ ಅರಿಶಿಣದ ವ್ಯಾಪಾರ ಮಾಡುವವನು. ಅಥಣಿಯಾಚೆಯ ಹಳ್ಳಿಯಿಂದ ಹತ್ತು ವರ್ಷದ ಹಿಂದೆ ಸಾಂಗಲಿಗೆ ಬಂದು ನೆಲೆ ನಿಂತ ನಮ್ಮ ಲಿಂಗವಂತರವನು. ಒಬ್ಬಳೇ ಮಗಳು. ಆಕೆಗೆ ಮಿರಜದ ಪೇಟೆಯ ದೊಡ್ಡ ಮನೆಯೊಂದರಲ್ಲಿ ಸಂಬಂಧ ಗೊತ್ತಾಗಿತ್ತು. ಬೀಗರು ಬಂದು ಮನೆತನ ನೋಡಿಕೊಂಡು ಹೋಗಿದ್ದರು. ಒಡಹುಟ್ಟಿದವರು ಎಷ್ಟು ಜನ ಎಂದು ಕೇಳಿದಾಗ ಗುರಪ್ಪಣ್ಣ, "ಒಬ್ಬಾಕಿ ತಂಗಿ ಇದ್ದಳ್ರಿ, ಹೋದಳು" ಅಂದಿದ್ದ.

ಎಲ್ಲಿಗೆ ಅಂತ ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಆಕೆ ಹೋದದ್ದು ಮಿರಜಕ್ಕೆ! ಬೀಗರ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ದವಾಖಾನೆಗೆ! ಹದಿನೆಂಟು ವರ್ಷದ ಹಿಂದೆ ರೋಗಿಯಾಗಿ ಹೋದ ಗಂಗವ್ವ ಅಲ್ಲೇ ಉಳಿದು, ಓದು ಕಲಿತು, ಕ್ರೈಸ್ತಳಾಗಿ, ನರ್ಸ್ ಆಗಿದ್ದಾಳೆ. ಇಂಥ ಸುದ್ದಿ ಎಷ್ಟು ದಿನ ಮುಚ್ಚಿದ್ದೀತು? ಬೀಗರಿಗೆ ಗೊತ್ತಾಯಿತು. ಖಡಕ್ ನಿರೋಪ ಬಂತು. ಹುಡುಗಿಯ ಸೋದರತ್ತೆ ಮತ ಬಿಟ್ಟು ಕಂಡಕಂಡ ಗಂಡಸರ ಮೈ ತೊಳೆಯುತ್ತಿರುವಾಗ ನಾವು ಹೆಣ್ಣು ತರುವುದು ಹೇಗೆ? ಆಕೆ ಮರಳಿ ಬರಲಿ, ಸ್ವಾಮಿಗಳಿಂದ ಮತ್ತೆ ದೀಕ್ಷೆ ಪಡೆಯಲಿ, ಅಣ್ಣನ ಮನೆಯಲ್ಲಿ ಮರ್ಯಾದೆಯಿಂದ ಇರಲಿ. ಇಲ್ಲವಾದರೆ ಮಾತು ಮುರಿಯೋಣ.

ಗುರಪ್ಪಣ್ಣ ನನ್ನ ಅಂಗಡಿಗೆ ಓಡಿ ಬಂದ. "ನೀವ ಹೋಗ್ರಿ. ನಿಮ್ಮ ಮಾತಿಗೆ ಕಲ್ಲೂ ಕರಗತೈತಿ" ಅಂದ. ಇನ್ನೊಂದು ಕಾರಣವೂ ಇತ್ತು. ಕಳೆದ ವರ್ಷ ಇದೇ ಅಂಕಣದಲ್ಲಿ ನಾನು, ಮಿಶನ್ನಿಗೆ ಹೋಗುವ ನಮ್ಮವರೆಲ್ಲ ಎರಡು ತುತ್ತು ಅನ್ನಕ್ಕಾಗಿ ಹೋಗುತ್ತಾರೆ ಎಂದು ಭಾರೀ ಜೋರಿನಲ್ಲಿ ಬರೆದಿದ್ದೆ. (ನಿಮ್ಮಲ್ಲಿ ನಲವತ್ತು ಜನ ಶಾಭಾಸ್ ಎಂದು ಕಾಗದ ಹಾಕಿದ್ದಿರಿ.) ಗುರಪ್ಪಣ್ಣ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಆ ಕಾಗದದ ಜೊತೆ ಒಂದು ಬೆಳ್ಳಿಯ ಕರಡಿಗೆಯನ್ನೂ ನನ್ನ ಕೈಗೆ ಕೊಟ್ಟ. ಅದರಲ್ಲಿ ಗಂಗವ್ವನ ಲಿಂಗ. ಮತ ಬದಲಿಸಿದ ದಿನ ಆಕೆಯೇ ಯಾರದೋ ಕೈಯಲ್ಲಿ ಮನೆಗೆ ಕಳಿಸಿದ್ದಳಂತೆ. "ಇದನ್ನ ನೋಡಿದ್ರ ಬರ್ತಾಳ್ರಿ" ಅಂದ.

ಇಷ್ಟು ಸರಂಜಾಮು ಕಟ್ಟಿಕೊಂಡು ಹೋದವನು ಕಂಬಳಿ ಹೊದ್ದು ನಡುಗುತ್ತ ಮಲಗಿದೆ. ಎಂಥ ವಕೀಲ!

ಮರುದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿಯಿತು. ಕಣ್ಣು ಬಿಟ್ಟು ನೋಡತೊಡಗಿದೆ. ಬೇರೆ ಕೆಲಸವೂ ಇರಲಿಲ್ಲವಲ್ಲ. ಗಂಗವ್ವನಿಗೆ ನಲವತ್ತು ಹತ್ತಿರ ಇರಬೇಕು. ಬಿಳಿ ಸೀರೆ, ಸ್ವಲ್ಪ ಕುಂಟು ನಡಿಗೆ. ಒಂದೊಂದೇ ಮಂಚದ ಹತ್ತಿರ ಹೋಗುತ್ತಾಳೆ. ರೋಗಿಯನ್ನು ಮುಟ್ಟುವ ಮೊದಲು ಎರಡೂ ಅಂಗೈ ಪರಪರ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾಳೆ. ತಣ್ಣೀರಿನಲ್ಲಿ ತೊಳೆದ ಕೈ ನೋಡಿ, ಬೆಳಗಿನ ಹೊತ್ತು ಸುಡುವ ಮೈಗೆ ತಾಗಿದರೆ ಮನುಷ್ಯ ಬೆಚ್ಚುತ್ತಾನೆ. ಹಾಗೆ ಉಜ್ಜುವಾಗ ತುಟಿ ಅಲುಗುತ್ತದೆ. ನನ್ನ ಮಂಚಕ್ಕೆ ಬಂದಾಗ ತಡೆಯಲಾಗಲಿಲ್ಲ.

"ಏನ್ ಮಂತ್ರಾ ಹಾಕತಿ ತಂಗಿ?"

"ಮಂತ್ರಲ್ರಿ. ಹೆಸರ ಹೇಳತೇನಿ, ದೇವರ ಮುಂದ. ಒಬ್ಬೊಬ್ಬರದು."

"ನಂದೂ ಹೇಳಿದಿ?"

"ಹೇಳಿದೆ. ಭಾಳ ಮಾತಾಡತಾರ ಅಂತನೂ ಹೇಳಿದೆ."

ಆಚೆ ಮಂಚದಲ್ಲಿ ಒಬ್ಬ ಪೈಲವಾನ ಇದ್ದ. ಕುತ್ತಿಗೆ ನನ್ನ ತೊಡೆಯಷ್ಟು. ಸೂಜಿ ಕಂಡರೆ ಮಾತ್ರ ಗೊಳೋ ಎನ್ನುತ್ತಿದ್ದ. ಅವನಿಗೆ ಆಕೆ ಮರಾಠಿಯಲ್ಲಿ ಅದೇನೋ ಛೇಡಿಸಿದಳು, ಇಡೀ ವಾರ್ಡು ನಕ್ಕಿತು, ನಗುವಿನ ನಡುವೆಯೇ ಸೂಜಿ ಹೋಗಿ ಬಂತು. ನಾನು ನನ್ನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷದಿಂದ ಗಿರಾಕಿಗಳನ್ನು ಸಂಭಾಳಿಸುತ್ತಿದ್ದೇನೆ. ಒಬ್ಬ ಗಿರಾಕಿಯ ಹತ್ತಿರವಾದರೂ ಹೋಗುವ ಮೊದಲು ಅವನ ಹೆಸರು ನೆನೆದದ್ದುಂಟೆ?

ಮಧ್ಯಾಹ್ನ ಆಕೆ ನನ್ನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಒಗೆದ ಬ್ಯಾಂಡೇಜ್ ಸುತ್ತುತ್ತಿದ್ದಳು. ಇದೇ ಸಮಯ ಎಂದು ನನ್ನ ವಾದ ಬಿಚ್ಚಿದೆ. "ಆ ತುದಿ ಹಿಡಕೋರಿ, ಸುಮ್ನ ಮಾತಾಡತೀರಿ" ಅಂದಳು. ಬ್ಯಾಂಡೇಜಿನ ತುದಿ ಹಿಡಿದುಕೊಂಡೇ ಹೇಳಿದೆ. ಅಣ್ಣನ ಸಂಕಟ, ಬೀಗರ ಷರತ್ತು, ಹುಡುಗಿಯ ಬಾಳು. 'ಹೋದಳು' ಎಂದದ್ದನ್ನೂ ಹೇಳಿಬಿಟ್ಟೆ. (ನನ್ನ ಬಾಯಿ!) ಅಣ್ಣ ಈಗ ಒಂದು ಖೋಲಿ ಕಟ್ಟಿಸಿ ಕೊಡುತ್ತಾನೆ, ಆಳುಕಾಳು ಇದ್ದಾರೆ, ನೀನು ಕೂತು ಉಣ್ಣಬಹುದು, ಈ ಹೊಲಸು ಕೆಲಸ ತಪ್ಪುತ್ತದೆ ಎಂದೆ. ಕರಡಿಗೆಯನ್ನು ಮುಂದೆ ಹಿಡಿದೆ.

ಆಕೆ ಕೈ ತೊಳೆದು ಬಂದಳು. ಕರಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಗೆದ್ದೆ ಎಂದುಕೊಂಡೆ.

"ಅಣ್ಣ ಇದನ್ನ ಇಷ್ಟ ಚಂದ ಇಟ್ಟಾನಲ್ಲ, ನನಗ ಅಷ್ಟ ಸಾಕು. ತಿರುಗಿ ಕೊಡ್ರಿ ಅವಗ" ಅಂದಳು. ಆಮೇಲೆ, "ಹುಡುಗಿ ಹೆಸರ ಏನ್ರಿ?"

"ನೀಲವ್ವ."

"ನಮ್ಮವ್ವನ ಹೆಸರು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಕಣ್ಣು ತುಂಬಿ ಬಂದವು. ಆಗಲಾದರೂ ಸುಮ್ಮನಿರಬೇಕಿತ್ತು ನಾನು. ಇಲ್ಲ, ಕಳೆದ ವರ್ಷದ ಅಂಕಣಕಾರ ಎದ್ದು ಕೂತ.

"ಖರೇ ಹೇಳು. ಅನ್ನಕ್ಕಾಗಿ ಹೋದಿ ಹೌದಲ್ಲೋ?"

ಸಿಟ್ಟಾಗುತ್ತಾಳೆ ಎಂದುಕೊಂಡರೆ ನಕ್ಕಳು. "ಹಸಿವಿ ಇತ್ತು ಕಾಕಾ, ಸುಳ್ಳ ಯಾಕ ಹೇಳಲಿ. ಅನ್ನದ್ದಲ್ಲ. ಅಣ್ಣನ ಮನ್ಯಾಗ ಹಗೇದ ತುಂಬ ಜ್ವಾಳ ಇತ್ತು. ನಾ ಯಾರಿಗೂ ಬೇಕಾಗಿರಲಿಲ್ಲ, ಅದರ ಹಸಿವಿ."

ನಂತರ ಹೇಳಿದಳು. ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ಇಲ್ಲ. ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ಉಡಿಕೆ ಮಾಡಿ ಇನ್ನೊಂದು ಸಂಸಾರಕ್ಕೆ ದಾರಿ ಮಾಡುತ್ತಾರೆ. ಇವರದು ದೊಡ್ಡ ಮನೆತನ, ಉಡಿಕೆ ಇಲ್ಲ. ಹುಡುಗಿ ಹಿತ್ತಲ ಪಾಲಾದಳು. ಹತ್ತೊಂಬತ್ತರಲ್ಲಿ, ಮನೆಯಲ್ಲಿ ಒಂದು ಮದುವೆಗೆ ಕರಜಿಕಾಯಿ ಕರಿಯುತ್ತಿದ್ದಾಗ ಎಣ್ಣೆಯ ಬಾಣಲೆ ಉರುಳಿ ಕಾಲು ಸುಟ್ಟಿತು. "ಮುಂದಿನ ಪಡಸಾಲಿಗೆ ಬರುವಂಗಿಲ್ರಿ ನಾ, ಹಿಂದ ಕೂತು ಕರಿಬಹುದು" ಅಂದಳು. ಅಣ್ಣನೇ ರೈಲಿನಲ್ಲಿ ಮಿರಜಕ್ಕೆ ತಂದು ಸೇರಿಸಿದ. ಹದಿನೈದು ದಿನಕ್ಕೆ ಬರುತ್ತೇನೆ ಎಂದವನು ಬರಲಿಲ್ಲ.

"ಅಣ್ಣ ಕೆಟ್ಟಾಂವಲ್ರಿ. ಸುಗ್ಗಿ ಬಂತು, ಮರತಾ ಅಷ್ಟ."

ಅಷ್ಟ! ಶಿವನೇ, ಎಂಥ ಮಾತನ್ನು ಎಷ್ಟು ಸಣ್ಣದಾಗಿ ಹೇಳಿದಳು.

"ಕಾಲ ಮಾಯಿತು. ಕೋಲ ಹಿಡದು ಅಡ್ಡಾಡತಿದ್ದೆ. ನನಗ ಮರಾಠಿ ಒಂದಕ್ಷರ ಬರ್ತಿದ್ದಿಲ್ಲ. ಇಲ್ಲಿ ಹಿರೇ ನರ್ಸ್ ಸಗುಣಾ ಮಾವಶಿ ಅಂತ ಇದ್ದಳು. ಸುಮ್ನ ಯಾಕ ಕುಂದರ್ತಿ ಅಂತ ಕೈಸನ್ನಿ ಮಾಡಿ ನೀರಿನ ತಂಬಗಿ ಕೊಟ್ಟಳು. ಮುಂಜಾನಿ ಹೊತ್ತು. ಆ ತುದೀ ಮಂಚದಾಗ ಹರಿಪುರದಾಂವ ಒಬ್ಬ ಮುದುಕ. ಹೊಳಿ ಬಂದಾಗ ಗ್ವಾಡಿ ಮೈಮ್ಯಾಲೆ ಬಿದ್ದಿತ್ತು, ಎರಡೂ ಕೈ ಕಟ್ಟಿದ್ರು. ನನ್ನ ನೋಡಿ 'ತಾಈ, ಪಾಣಿ' ಅಂದ."

ಬ್ಯಾಂಡೇಜನ್ನು ಇನ್ನೊಂದು ಸುತ್ತು ಸುತ್ತಿದಳು.

"ಪಾಣಿ ಅಂದದ್ದು ತಿಳೀಲಿಲ್ರಿ. ತಾಯಿ ಅಂದದ್ದು ತಿಳೀತು."

ಮರಾಠಿ ಬಾರದ ಓದುಗರಿಗಾಗಿ ಒಂದು ಮಾತು. ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. ಇಂಗ್ಲಿಷಿನವರು ನರ್ಸಿಗೆ ಸಿಸ್ಟರ್ ಎನ್ನುವಂತೆ ಇಲ್ಲಿಯ ರೈತರು ತಾಈ ಎನ್ನುತ್ತಾರೆ. ನಾನು ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವನು. ಎರಡೂ ಶಬ್ದ ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲಿ ಬರುತ್ತವೆ. ಅವು ಇಷ್ಟು ಹತ್ತಿರ ಇವೆ ಎಂದು ಎಂದೂ ಗಮನಿಸಿರಲಿಲ್ಲ.

"ನಾ ಹಿಂದ ತಿರುಗಿ ನೋಡಿದೆ, ಯಾರಿಗೆ ಅನ್ನಾಕತ್ತಾನ ಅಂತ. ಯಾರೂ ಇಲ್ಲ. ನನಗ ಅನ್ನಾಕತ್ತಿದ್ದ! ಊರಾಗ ಮುಂಜಾನಿ ನನ್ನ ಮಾರಿ ಕಂಡ್ರ ಅಪಶಕುನ ಅಂತ ಮಂದಿ ಚಪ್ಪಲಿ ಬಿಟ್ಟು ಗಳಿಗಿ ಕುಂತು ಹೋಗತಿದ್ರು. ಇಂವ ನಮ್ಮಪ್ಪನ ವಾರಿಗಿಯಾಂವ, ನನಗ ತಾಯಿ ಅಂತಾನ. ಬಾಯಿ ತಗದು ತೋರಿಸಿದ, ನೀರ ಕುಡಿಸಿದೆ. ಆ ಮಂಚದಿಂದ ಇನ್ನೊಬ್ಬ ಕರದ. ಅವನೂ ತಾಯಿ ಅಂದ. ಎಂಟ ತಿಂಗಳು ಕಾಕಾ, ಈ ವಾರ್ಡಿನ ಅಷ್ಟೂ ಮಂದಿಗೆ ನಾ ತಾಯಿ ಅಂತ ತಿಳಕೊಂಡ ದುಡದೆ. ಕೈ ಬಿಸಿ ಮಾಡಕೊಂಡು ಮುಟ್ಟೂದು ಆವಾಗ ಬಂದದ್ದು. ತಾಯಿ ಆದಾಕಿ ಮಕ್ಕಳನ್ನ ತಣ್ಣನ ಕೈಲೆ ಮುಟ್ಟತಾಳೇನು?"

"ಆಮೇಲೆ?"

"ಆಮ್ಯಾಲೆ ಸಾಲಿ ಕಲಸಾಕ ಕುಂದ್ರಿಸಿದ್ರು. ಸಗುಣಾ ಮಾವಶಿ ಪಾಟಿ ಮ್ಯಾಲೆ ಬರದು ತೋರಿಸಿದಳು. ಆಈ ಅಂದ್ರ ಅವ್ವ. ತಾಈ ಅಂದ್ರ ಅಕ್ಕ."

ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ.

"ಭಾಳ ಅತ್ತೆ ಕಾಕಾ. ಊಟಾ ಬಿಟ್ಟೆ. ಅಷ್ಟು ಮಕ್ಕಳು ಒಂದ ಪಾಠದಾಗ ಹೋದ್ರಲ್ಲ ನನಗ! ಮಾವಶಿ ಯಾಕ ಅಳತಿ ಅಂದಳು, ಹೇಳಿದೆ. ಆಕಿನೂ ನಿಮ್ಮಂಗ ಮೊದಲ ನಕ್ಕಳು. ಆಮ್ಯಾಲೆ ನನ್ನ ಬಾಜೂಕ ಕುಂತು ಹೇಳಿದಳು, ನಮ್ಮ ಯೇಸು ಸ್ವಾಮಿಯ ಮನ್ಯಾಗ ಹಡದಾಕಿ ಅಷ್ಟ ತಾಯಿ ಅಲ್ಲವಾ, ಮ್ಯಾಲಿನ ತಂದಿ ದೇವರು ಹೇಳಿದ ಕೆಲಸಾ ಮಾಡಿದಾಕಿ ಆತಗ ಅಕ್ಕನೂ ಹೌದು, ಅವ್ವನೂ ಹೌದು ಅಂತ. ಯಾರಪಾ ಇಂಥಾ ಮಾತ ಆಡಿದ ಸ್ವಾಮಿ, ನೋಡೂಣು ಅಂತ ಓದಾಕತ್ತೆ. ಯಾರೂ ಜುಲುಮಿ ಮಾಡಲಿಲ್ಲ. ಎರಡ ವರ್ಷದ ಮ್ಯಾಲೆ ನಾನ ಕೇಳಿ ದೀಕ್ಷಾಸ್ನಾನ ತಗೊಂಡೆ."

ಬ್ಯಾಂಡೇಜ್ ಮುಗಿದಿತ್ತು. ನನ್ನ ಕೈಯಿಂದ ತುದಿ ಬಿಡಿಸಿಕೊಂಡಳು.

"ಮುದುಕ ತಪ್ಪ ಕರೀಲಿಲ್ಲ. ನಾ ತಪ್ಪ ಕೇಳಿದೆ. ಖರೇ. ಆದ್ರ ಕಾಕಾ, ನನ್ನ ಕಿವ್ಯಾಗ ಹಂಗ ಕೇಳೂವಂಗ ಮಾಡಿದಾಂವ ಯಾರು?"

ಉತ್ತರ ನನ್ನ ಹತ್ತಿರ ಇತ್ತು. ಎರಡು ಭಾಷೆ ಸೇರುವ ಊರಿನಲ್ಲಿ ಇಂಥ ಗಡಿಬಿಡಿ ದಿನಾ ಆಗುತ್ತದೆ ಎನ್ನಬಹುದಿತ್ತು. ಕಾಕತಾಳೀಯ ಎನ್ನಬಹುದಿತ್ತು. ಎನ್ನಲಿಲ್ಲ. ಈ ಸಲ ಬಾಯಲ್ಲಿ ಕಡ್ಡಿ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಕಳೆದ ವರ್ಷ ಬರೆದದ್ದು ನೆನೆದು ನಾಚಿಕೆಯಾಯಿತು. ಯಾರನ್ನೂ ಹೋಗಿ ಕೇಳದೆ ಬರೆದಿದ್ದೆ.

ಗೈರುಸಮಜು ಬೇಡ. ನಾನು ನನ್ನ ಮತ ಬಿಟ್ಟಿಲ್ಲ, ಬಿಡುವವನೂ ಅಲ್ಲ. ನನ್ನ ಕೊರಳಲ್ಲಿ ಲಿಂಗ ಇದೆ, ಹಣೆಯ ಮೇಲೆ ವಿಭೂತಿ ಇದೆ. ಆದರೆ ದಿನವೂ ಪೂಜೆ ಮುಗಿಸಿ ಎದ್ದಾಗ, ಇವತ್ತು ನೀನು ಈ ಕೆಲಸ ಮಾಡು ಎಂದು ನನಗೆ ಯಾರಾದರೂ ಹೇಳಿದ್ದಾರೆಯೆ? ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲವೆ? ಹೆಸರು ಹಿಡಿದು ಕರೆದರು, ಕೆಲಸ ಕೊಟ್ಟರು ಎಂಬ ನಂಬಿಕೆಯೊಂದರ ಮೇಲೆ ಈ ಹೆಣ್ಣುಮಗಳು ಹದಿನೆಂಟು ವರ್ಷ ನಿಂತಿದ್ದಾಳೆ. ಕುಂಟುಗಾಲಿನಲ್ಲಿ. ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಅದೇ ಶಬ್ದ.

ಮೂರನೇ ದಿನ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಗುರಪ್ಪಣ್ಣನೇ ಬಂದ. ಕೋಟು, ರುಮಾಲು, ಕಂಕುಳಲ್ಲಿ ತಂಗಿಗೆ ತಂದ ಹೊಸ ಸೀರೆ. ವಾರ್ಡಿನ ಬಾಗಿಲಲ್ಲಿ ನಿಂತವನು ಒಳಗೆ ಬರಲಾರ. ಆಕೆಯ ಎರಡೂ ಕೈ ಕೆಲಸದಲ್ಲಿದ್ದವು. ಲಿಂಗನೂರಿನ ರೈತನೊಬ್ಬನ ಕಾಲು ಕುಡುಗೋಲು ಬಡಿದು ಕೊಳೆತಿತ್ತು, ಅದರ ಪಟ್ಟಿ ಬಿಚ್ಚುತ್ತಿದ್ದಳು. ಅಣ್ಣನನ್ನು ನೋಡಿದಳು. ಒಂದು ಕ್ಷಣ ಕೈ ನಿಂತಿತು.

"ಬಾ ಅಣ್ಣಾ. ಕುಂದ್ರ. ಇವರದೊಂದು ಮುಗಸತೇನಿ."

ಹದಿನೆಂಟು ವರ್ಷದ ನಂತರ ಆಡಿದ ಮೊದಲ ಮಾತು ಇದು. ಗುರಪ್ಪಣ್ಣ ನನ್ನ ಪಕ್ಕ ಕೂತ. ನಾತ ಬಂತು, ಶಲ್ಯದ ಸೆರಗು ಮೂಗಿಗೆ ಹೋಯಿತು. ಆಕೆ ಬಗ್ಗಿ ಹುಣ್ಣು ತೊಳೆಯುತ್ತಿದ್ದಳು. ರೈತ ನೋವಿನಿಂದ ಅವಾಚ್ಯ ಬೈದ. ಆಕೆ ತಿರುಗಿ ಏನೋ ಅಂದಳು, ಅವನು ಅಳುತ್ತಲೇ ನಕ್ಕ, ಆಕೆಯೂ ಬಾಯಿ ತುಂಬ ನಕ್ಕಳು. ಗುರಪ್ಪಣ್ಣನ ಶಲ್ಯ ಮೆಲ್ಲಗೆ ಕೆಳಗಿಳಿಯಿತು. ಮುಕ್ಕಾಲು ತಾಸು ಅವನು ಆಕೆಯ ಕೈಯನ್ನೇ ನೋಡುತ್ತ ಕೂತ.

ಕೈ ತೊಳೆದು ಬಂದು ಆಕೆ ಅಣ್ಣನ ಕಾಲು ಮುಟ್ಟಿದಳು.

"ಗಂಗೀ, ಊರಾಗ ಇದ್ದಾಗ ನೀ ನಕ್ಕದ್ದು ನಾ ನೋಡೇ ಇಲ್ಲಲ್ಲವಾ" ಅಂದ. "ನೀ ಹೋದಿ ಅಂತ ಮಂದಿಗೆ ಹೇಳೇನಿ ನಾ."

"ಗೊತ್ತೈತಿ, ಕಾಕಾ ಹೇಳ್ಯಾರ. ನೀ ಸುಳ್ಳ ಏನ ಹೇಳಿಲ್ಲ ಬಿಡು. ಆ ಗಂಗಿ ಹೋದಳು."

"ನೀಲವ್ವನ ಮದುವಿ..."

"ನಾ ಬಂದ್ರ ಆಕಿ ಮದುವಿ ಆಗತೈತಿ. ಅದು ನನಗ ಗೊತ್ತಿಲ್ಲೇನು? ರಾತ್ರಿ ಬೆಳತನ ಅದನ್ನ ದೇವರಿಗೆ ಕೇಳೇನಿ." ಅಣ್ಣನ ಎದುರಿಗೆ ಸ್ಟೂಲು ಎಳೆದು ಕೂತಳು. "ಆದ್ರ ಅಣ್ಣಾ, ಹಿತ್ತಲದಾಗ ಕೂತು ಉಣ್ಣಾಕ ಆತ ನನ್ನ ಕರದಿಲ್ಲ. ನೀ ಬೈದ್ರೂ ಬೈ. ನಾ ಬರೂದಿಲ್ಲ."

ಗುರಪ್ಪಣ್ಣ ಬೈಯಲಿಲ್ಲ. ಸೀರೆಯನ್ನು ಆಕೆಯ ಉಡಿಯಲ್ಲಿ ಹಾಕಿದ. ತವರಿನಿಂದ ಆಕೆಗೆ ಬಂದ ಸೀರೆ. ನನ್ನ ಕೈ ಹಿಡಿದು ಎಬ್ಬಿಸಿದ. ಹೊರಗೆ ಬಂದು ಟಾಂಗಾದವನಿಗೆ ಸಾಂಗಲಿ ಎನ್ನಲಿಲ್ಲ, "ಪೇಟಿಗೆ ಹೊಡಿ" ಅಂದ. ಬೀಗರ ಮನೆಗೆ!

ಕಂಬಳಿ ಸುತ್ತಿಕೊಂಡು ಅವನ ಹಿಂದೆ ನಾನೂ ಹತ್ತಿದೆ. ಬೀಗರು ಬರ್ರಿ, ಕುಂದರ್ರಿ ಅಂದರು. ಅವನು ಕೂರಲಿಲ್ಲ.

"ನನ್ನ ತಂಗಿ ಹೋಗಿಲ್ರಿ. ಇದ ಊರಾಗ ಅದಾಳ. ದವಾಖಾನ್ಯಾಗ ನರ್ಸ್ ಆಗ್ಯಾಳ, ಯೇಸು ಸ್ವಾಮಿನ್ನ ನಂಬ್ಯಾಳ. ಮರಳಿ ಬರೂದಿಲ್ಲ. ನನ್ನ ಮಗಳ ಮದುವಿಗೆ ಮಾತ್ರ ಬರ್ತಾಳ, ಮುಂದಿನ ಸಾಲಿನಾಗ ಕುಂದರ್ತಾಳ. ನಿಮ್ಮ ಮನಸ್ಸಿಗೆ ಬಂದ್ರ ಮಾಡಕೋರಿ."

ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಚಾರ ಮಾಡಿ ಹೇಳುತ್ತೇವೆ ಅಂದರು. ಇಂದಿಗೆ ಆರು ದಿನ. ಉತ್ತರ ಬಂದಿಲ್ಲ. ನೀಲವ್ವ ಊಟಕ್ಕೆ ಕೂತರೂ ಬಾಗಿಲ ಕಡೆ ನೋಡುತ್ತಾಳಂತೆ. ಇದನ್ನೆಲ್ಲ ಬರೆಯಲೇ ಎಂದು ಗುರಪ್ಪಣ್ಣನನ್ನು ಕೇಳಿದೆ. "ಬರೀರಿ. ಮುಚ್ಚಿ ಮುಚ್ಚಿ ಸಾಕಾಗೈತಿ" ಅಂದ. (ಹೆಸರು ಬದಲಿಸಿದ್ದೇನೆ. ಗೊತ್ತಿದ್ದವರಿಗೆ ಗೊತ್ತಾದರೆ ನಾನೇನು ಮಾಡಲಿ?)

ಈ ವಾರಪತ್ರಿಕೆ ಬೀಗರ ಮನೆಗೂ ಬರುತ್ತದೆ, ನನಗೆ ಗೊತ್ತು. ಅದಕ್ಕೇ ಕೇಳುತ್ತೇ‌ನೆ. ಸಾವಕಾರರೇ, ಹುಡುಗಿಯ ಮನೆತನ ನೋಡಲೆಂದೇ ನೀವು ಸಾಂಗಲಿಯವರೆಗೆ ಹೋಗಿ ಬಂದಿರಿ. ಆ ಮನೆತನದಲ್ಲಿ ನೋಡಲೇಬೇಕಾದವಳು ನಿಮ್ಮ ಊರಿನಲ್ಲೇ ಇದ್ದಾಳಲ್ಲ, ಆಕೆಯನ್ನು ಇನ್ನೂ ಯಾಕೆ ನೋಡಿಲ್ಲ?